ಮೊದಲ ಟರ್ಮ್‌ನಲ್ಲಿ ಏನನ್ನು ಬಿಡಬೇಕು?

ಐಐಎಂ ಬೆಂಗಳೂರಿನ ಮೊದಲ ವರ್ಷದಲ್ಲಿ ಕ್ಲಾಸು, ಕ್ಲಬ್ಬು, ಸಮ್ಮರ್ ಪ್ಲೇಸ್‌ಮೆಂಟ್ (ಬೇಸಿಗೆಯ ಇಂಟರ್ನ್‌ಶಿಪ್‌ಗೆ ಕಂಪನಿಗಳು ಮಾಡುವ ಆಯ್ಕೆ) ತಯಾರಿ, ಜೊತೆಗೆ ಪ್ರತಿ ವಾರಾಂತ್ಯ ಮೈಸೂರಿನ ಮನೆ, ಇದೆಲ್ಲ ಹೇಗೆ ಸರಿದೂಗಿಸೋದು ಅಂತ ಕೇಳಿದ್ದೀರಿ. ನಾಲ್ಕಕ್ಕೂ ಸಮಪಾಲು ಕೊಡಲು ಹೋಗಬೇಡಿ. ಕೋರ್ಸ್ 2 ವರ್ಷದ್ದಾದರೂ ಸಮ್ಮರ್ ಇಂಟರ್ನ್‌ಶಿಪ್ ಸಂದರ್ಶನಗಳು ಮೊದಲ ವರ್ಷದಲ್ಲೇ ಬಂದುಬಿಡುತ್ತವೆ. ಅಲ್ಲಿಯವರೆಗೆ ಒಂದೇ ಕ್ಲಬ್ ಸಾಕು, ಅದೂ ನಿಮಗೆ ನಿಜವಾಗಿ ಇಷ್ಟವಾದದ್ದು.

ಹೆಚ್ಚು ಹೊತ್ತು ತಿನ್ನುವುದು ಕೇಸ್ ಓದು. ಕೇಸ್ ಅಂದರೆ ಕ್ಲಾಸಿನಲ್ಲಿ ಚರ್ಚಿಸಲು ಕೊಡುವ, ಒಂದು ಕಂಪನಿಯ ಸನ್ನಿವೇಶದ ಬರಹ. 20 ಪುಟವನ್ನು ಕಾದಂಬರಿಯಂತೆ ಓದಬೇಡಿ. ಮೊದಲ ಪುಟ, ಕೊನೆಯ ಪ್ಯಾರಾ ನೋಡಿ. ಯಾರು, ಯಾವ ನಿರ್ಧಾರ ತೆಗೆದುಕೊಳ್ಳಬೇಕು ಅನ್ನೋದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಮೇಲೆ ಕೊನೆಯಲ್ಲಿ ಕೊಟ್ಟಿರುವ ಕೋಷ್ಟಕಗಳು. ಮಾರಾಟ ಏರಿದರೂ ಕೈಯಲ್ಲಿ ನಗದಿಲ್ಲ ಅಂತ ಕಂಡರೆ, ಗ್ರಾಹಕರಿಂದ ಬರಬೇಕಾದ ಬಾಕಿ, ಗೋದಾಮಿನ ದಾಸ್ತಾನು ಎರಡನ್ನೂ ಲೆಕ್ಕ ಹಾಕಿ. ಅರ್ಧ ಚರ್ಚೆ ಅಲ್ಲೇ ಸಿಗುತ್ತದೆ. ಇಷ್ಟನ್ನು ಒಬ್ಬರೇ ಮಾಡಿಕೊಂಡು, ಒಟ್ಟಿಗೆ ಓದುವ ಗುಂಪಿಗೆ ಹೋಗಿ. ಯಾರೂ ಓದದೆ ಕೂತರೆ ರಾತ್ರಿ ಎರಡಾದರೂ ಮುಗಿಯುವುದಿಲ್ಲ.

ಮನೆ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಪ್ರತಿ ವಾರ ಆಗದ ಮಾತು. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಊರಿಗೆ ಹೋಗುವ ವಾರಗಳನ್ನು ಗುರುತು ಹಾಕಿ, ಮನೆಗೆ ತಿಳಿಸಿ, ರೈಲು ಟಿಕೆಟ್ ತೆಗೆದುಬಿಡಿ. ಗುಂಪಿನವರಿಗೂ ಆಗಲೇ ಹೇಳಿ. ಕೊನೇ ಗಳಿಗೆಯಲ್ಲಿ ಹೇಳಿದರೆ ನಿಮ್ಮ ಪಾಲಿನ ಕೆಲಸ ಬೇರೆಯವರ ತಲೆಗೆ ಬೀಳುತ್ತದೆ.