ಗುಣವಾದ ಮೇಲೂ ಯಾಕೆ ಹೋಗಬೇಕು?

ಪತ್ರ: ಕಳೆದ ವರ್ಷ ಖಿನ್ನತೆಗೆ ಆರು ತಿಂಗಳು ಥೆರಪಿ ತೆಗೆದುಕೊಂಡೆ. ಈಗ ನಿದ್ದೆ, ಊಟ, ಕೆಲಸ ಎಲ್ಲ ಸರಿಯಾಗಿದೆ. ಆದರೂ ಮೂರು ತಿಂಗಳಿಗೊಮ್ಮೆ ಬಂದು ಹೋಗಿ ಅಂತಾರೆ. ಒಂದು ಸಲಕ್ಕೆ 1,200 ರೂಪಾಯಿ. ಗುಣವಾದವನಿಗೆ ಇದೆಲ್ಲ ಯಾಕೆ? ದುಡ್ಡು ಮಾಡುವ ದಾರಿ ಅಲ್ವಾ? – ಹೆಸರು ಬೇಡ, ಶಿವಮೊಗ್ಗ

ಉತ್ತರ: 1,200 ರೂಪಾಯಿ ಸಣ್ಣ ಮೊತ್ತವಲ್ಲ, ಒಪ್ಪಿದೆ. ಅಗತ್ಯವಿಲ್ಲದಿದ್ದರೂ ವಾರವಾರ ಕರೆಸಿಕೊಳ್ಳುವವರು ಇದ್ದಾರೆ, ಅದೂ ನಿಜ. ಆದರೆ ನಿಮ್ಮವರು ಕರೆಯುತ್ತಿರುವುದು ವರ್ಷಕ್ಕೆ ನಾಲ್ಕು ಸಲ. ಪತ್ರ ಓದಿದಾಗ ನಿಮಗೆ ಒಳ್ಳೆಯವರೇ ಸಿಕ್ಕಿದ್ದಾರೆ ಅಂತ ನನಗೆ ಸಮಾಧಾನವಾಯಿತು.

ಹೆರಿಗೆ ಸಲೀಸಾಗಿ ಆಯಿತು, ಇನ್ನು ಬಾಣಂತನ ಯಾಕೆ ಎಂದು ನಮ್ಮ ಯಾವ ಮನೆಯಲ್ಲಾದರೂ ಕೇಳುತ್ತಾರಾ? ಮನಸ್ಸಿನ ವಿಷಯಕ್ಕೆ ಬಂದರೆ ಮಾತ್ರ ಕೊನೆಯ ಸೆಷನ್ ಮುಗಿದ ದಿನವೇ ಫೈಲ್ ಮುಚ್ಚಿಬಿಡುತ್ತೇವೆ. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಮತ್ತೆ ಬರುತ್ತದೆ. ಎರಡು ಸಲ ಬಂದಿದ್ದರೆ ಈ ಪ್ರಮಾಣ ಇನ್ನೂ ಜಾಸ್ತಿ. ಅದು ಹೇಳಿ ಕೇಳಿ ಬರುವುದಿಲ್ಲ. ಬೆಳಗಿನ ಜಾವ ಸುಮ್ನೆ ಎಚ್ಚರವಾಗುತ್ತದೆ. ಗೆಳೆಯರ ಫೋನ್ ಎತ್ತಲು ಬೇಜಾರು. ಸ್ನಾನ ನಾಳೆ ಮಾಡಿದರಾಯಿತು ಅನ್ನಿಸುತ್ತದೆ. ಒಳಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಳೆದ ಸಲ ನಿಮ್ಮನ್ನು ನೋಡಿದವರಿಗೆ ಗೊತ್ತಾಗುತ್ತದೆ. ಅದಕ್ಕೇ ಆ ಭೇಟಿ. ಕಲಿತದ್ದು ಕೈಯಲ್ಲಿ ಉಳಿದಿದೆಯಾ ಎಂದು ನೋಡುತ್ತಾರೆ, ಮರೆತದ್ದನ್ನು ಮತ್ತೊಮ್ಮೆ ಮಾಡಿಸುತ್ತಾರೆ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದ್ದರು. ಚಿಕಿತ್ಸೆ ಮುಗಿದ ದಿನ ಕ್ಲಿನಿಕ್ಕಿಗೆಲ್ಲ ಮೈಸೂರು ಪಾಕ್ ಹಂಚಿ ಬಂದಿದ್ದರು. ಎಂಟು ತಿಂಗಳ ನಂತರ ಮತ್ತೆ ಕುಸಿದರು. ಹೋಗಿ ಬನ್ನಿ ಸಾರ್ ಅಂದರೆ, "ಸ್ವೀಟ್ ಕೊಟ್ಟು ಬಂದವನು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?" ಅಂದರು. ಅವರ ಕೈಯಲ್ಲಿ ಮುಂದಿನ ಭೇಟಿಯ ತಾರೀಖೊಂದು ಮೊದಲೇ ಇದ್ದಿದ್ದರೆ ಈ ನಾಚಿಕೆಗೆ ಜಾಗವೇ ಇರುತ್ತಿರಲಿಲ್ಲ. ಕಷ್ಟ ಬಂದರೆ ಫೋನ್ ಮಾಡಿ ಅಂತ ಹೇಳಿ ಕಳಿಸುವುದು ಸಾಲದು. ಮತ್ತೆ ಬಿದ್ದವರಿಗೆ ಆ ಫೋನ್ ಎತ್ತುವುದೇ ಆಗದ ಕೆಲಸ. ಕರೆಯಬೇಕಾದವರು ಚಿಕಿತ್ಸೆ ಕೊಟ್ಟವರು.

ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಹೊರಬಂದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರನ್ನು ಅವರು ಎರಡು ಗುಂಪು ಮಾಡಿದರು. 1969ರಲ್ಲಿ ಶುರುವಾದ ಕೆಲಸ ಅದು. ಒಂದು ಗುಂಪಿಗೆ ಆಗಾಗ ಪತ್ರ ಹೋಗುತ್ತಿತ್ತು. ನೀವು ಚೆನ್ನಾಗಿದ್ದೀರಿ ಎಂದು ನಂಬಿದ್ದೇವೆ, ಬರೆಯಬೇಕು ಅನ್ನಿಸಿದರೆ ಬರೆಯಿರಿ, ಇಷ್ಟೇ. ಬುದ್ಧಿವಾದವಿಲ್ಲ, ಬನ್ನಿ ಎಂಬ ಒತ್ತಾಯವೂ ಇಲ್ಲ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ಎರಡು ಸಾಲಿನ ಪತ್ರ! ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಮೆರಿಕದ ಮಾತು ನಮಗೆ ಯಾಕೆ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಇಂಥದ್ದೇ ಪ್ರಯೋಗ ನಡೆಸಿತು. ಅದರಲ್ಲಿ ನಮ್ಮ ಪಕ್ಕದ ಚೆನ್ನೈ ಕೂಡ ಇತ್ತು. ಆತ್ಮಹತ್ಯೆಗೆ ಯತ್ನಿಸಿ ಬದುಕಿದವರ ಜೊತೆ ಮೊದಲು ಒಂದು ತಾಸು ಮಾತು. ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. 2008ರಲ್ಲಿ ಬಂದ ಫಲಿತಾಂಶದಲ್ಲಿ, ಹೀಗೆ ಯಾರನ್ನು ವಿಚಾರಿಸಿಕೊಂಡರೋ ಅವರ ಗುಂಪಿನಲ್ಲಿ ಆತ್ಮಹತ್ಯೆಯ ಸಾವು 0.2%, ಉಳಿದವರಲ್ಲಿ 2.2%.

ಇಷ್ಟು ಗೊತ್ತಿದ್ದೂ ನಮ್ಮಲ್ಲಿ ಎಷ್ಟು ಕಡೆ ಹೀಗೆ ವಿಚಾರಿಸಿಕೊಳ್ಳುತ್ತಾರೆ ಹೇಳಿ. ಸಾಲ ಬೇಕಾ ಎಂದು ದಿನಾ ಫೋನ್ ಬರುತ್ತದೆ. ಹೇಗಿದ್ದೀರಿ ಎಂದು ಆಸ್ಪತ್ರೆಯಿಂದ ಬರುವುದಿಲ್ಲ. ಬೀದರ್, ಯಾದಗಿರಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಕ್ಯೂ ನಿಂತವರಿಗೆ ಈ ಸಲ ಬೇರೆ ಡಾಕ್ಟರ್. ಮೊದಲಿಂದ ಕತೆ ಹೇಳಬೇಕು. ಮೂರನೇ ಸಲ ಅವರು ಬರುವುದೇ ಇಲ್ಲ. ಬರದವರ ಪಟ್ಟಿ ಹಿಡಿದು ಕೂರಲು ಒಬ್ಬ ನರ್ಸ್, ಒಂದು ಫೋನ್ ಸಾಕು. ನಿಮ್ಹಾನ್ಸ್ ಇರುವ ರಾಜ್ಯ ನಮ್ಮದು. 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಲುಪಿಸಿ ದೇಶಕ್ಕೇ ದಾರಿ ತೋರಿಸಿದವರು ನಾವು. ಇಷ್ಟು ಮಾಡಲು ಆಗುವುದಿಲ್ಲವೇ? ಮನೆಯವರೂ ಅಷ್ಟೇ. "ಈಗ ಸರಿಯಾಗಿದ್ದೀಯಲ್ಲ, ಮತ್ತೆ ಯಾಕೆ ಅಲ್ಲಿಗೆ, ಯಾರಾದರೂ ನೋಡಿದರೆ?" ಅಂತಾರೆ. ನಿಮ್ಮ ಪತ್ರದಲ್ಲೂ ಆ ದನಿ ಸ್ವಲ್ಪ ಕೇಳಿಸಿತು, ಬೇಸರ ಮಾಡಿಕೊಳ್ಳಬೇಡಿ.

ಮುಂದಿನ ಭೇಟಿ ತಪ್ಪಿಸಬೇಡಿ. ದುಡ್ಡಿನ ಕಷ್ಟವನ್ನು ಥೆರಪಿಸ್ಟ್ ಹತ್ತಿರವೇ ಬಾಯಿ ಬಿಟ್ಟು ಹೇಳಿ. ಹದಿನೈದು ನಿಮಿಷದ ಫೋನ್ ಸಾಕಾ, ಆರು ತಿಂಗಳಿಗೊಮ್ಮೆ ಬಂದರೆ ನಡೆಯುತ್ತದಾ ಎಂದು ಕೇಳಿ. ಮತ್ತೆ ಕುಸಿಯುವ ಲಕ್ಷಣಗಳು ನಿಮ್ಮ ವಿಷಯದಲ್ಲಿ ಯಾವುವು ಎಂದು ಅವರ ಜೊತೆ ಕೂತು ಬರೆದು, ಮನೆಯಲ್ಲಿ ಒಬ್ಬರಿಗೆ ಕೊಟ್ಟಿರಿ. ನಡುವೆ ಯಾವತ್ತಾದರೂ ತೀರಾ ಕಷ್ಟವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.