‘ಅಡ್ಜಸ್ಟ್ ಆಗುತ್ತೆ’ ಅಂದವರು ಯಾರು?

ಹುಳುಕು ಯಾಕೆ ಬರುತ್ತದೆ, ದಿನಕ್ಕೆ ಎಷ್ಟು ಸಲ ಹಲ್ಲುಜ್ಜಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತಿದೆ, ಮಾಡುವುದಿಲ್ಲ, ಅಷ್ಟೇ. ಈ ಸಲ ಒಂದೇ ಪತ್ರಕ್ಕೆ ಮುಕ್ಕಾಲು ಜಾಗ ಕೊಡುತ್ತಿದ್ದೇನೆ. ಊರು ಬದಲಾಗಿ, ವಯಸ್ಸು ಬದಲಾಗಿ ಇದೇ ಪತ್ರ ಹಲ್ಲಿನ ಡಾಕ್ಟರಾದ ನನಗೆ ವರ್ಷವಿಡೀ ಬರುತ್ತದೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಬರೆಯುವ ಪರಿಸ್ಥಿತಿ ತಂದವರ ಮೇಲೆ ಇದೆ.

ಪ್ರಶ್ನೆ: ನಾನು ಶಿಕ್ಷಕಿ, 34 ವರ್ಷ. ಮೂರು ವಾರದ ಹಿಂದೆ ಕೆಳಗಿನ ಬಲಗಡೆ ದವಡೆ ಹಲ್ಲಿಗೆ ಬಿಳಿ ಸಿಮೆಂಟ್ ಹಾಕಿಸಿಕೊಂಡೆ. ಅದಕ್ಕೆ ಮೊದಲು ನೋವೇ ಇರಲಿಲ್ಲ. ಇಂಜೆಕ್ಷನ್ನಿನ ಮರಗಟ್ಟು ಇಳಿದ ಮೇಲೆ ನೋಡಿದರೆ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿತ್ತು. ಫೋನ್ ಮಾಡಿದ್ದಕ್ಕೆ ಕ್ಲಿನಿಕ್‌ನವರು ‘ಒಂದು ವಾರದಲ್ಲಿ ಅಡ್ಜಸ್ಟ್ ಆಗುತ್ತೆ’ ಅಂದರು. ಈಗ ಚಪಾತಿ ಅಗಿದರೂ ನೋವು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಎಡಗಡೆಯಲ್ಲೇ ಊಟ. ಸಂಜೆ ಹೊತ್ತಿಗೆ ಬಲಗಣತಲೆ ಸಿಡಿಯುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಐದು ದಿನದ ಆಂಟಿಬಯೋಟಿಕ್ ಕೊಟ್ಟರು, ಏನೂ ಆಗಲಿಲ್ಲ. ಭಾವನವರ ಪರಿಚಯದ ಡಾಕ್ಟರು ‘ರೂಟ್ ಕೆನಾಲ್ ಮಾಡಿಸಿಬಿಡಿ, ತಲೆನೋವೇ ಬೇಡ’ ಅನ್ನುತ್ತಾರೆ. ಉಗುರು ಉಜ್ಜುವ ಫೈಲಿನಿಂದ ನಾನೇ ಸ್ವಲ್ಪ ತಗ್ಗಿಸಿಕೊಳ್ಳಬಹುದೇ?
– ಓದುಗರು, ತಿಪಟೂರು

ಉತ್ತರ: ಮೊದಲು ಆ ಫೈಲ್ ಕೆಳಗಿಡಿ. ಎತ್ತರ ಉಳಿದಿರುವುದು ಸಿಮೆಂಟಿನ ಯಾವ ಮೂಲೆಯಲ್ಲಿ ಎಂಬುದು ಕನ್ನಡಿಯಲ್ಲಿ ಕಾಣುವುದಿಲ್ಲ. ನೀವು ಉಜ್ಜುವುದು ಪಕ್ಕದ ಎನಾಮಲ್ಲನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಉಳಿದ ಓದುಗರು ನಗಬೇಡಿ. ಮರಳು ಕಾಗದದಲ್ಲಿ ಉಜ್ಜಿಕೊಂಡು ಬಂದವರನ್ನೂ ನಾನು ನೋಡಿದ್ದೇನೆ.

ಇನ್ನು ‘ಅಡ್ಜಸ್ಟ್ ಆಗುತ್ತೆ’. ಚಪ್ಪಲಿಯೊಳಗೆ ಕಲ್ಲು ಸಿಕ್ಕವರಿಗೆ ‘ನಡೀತಾ ಇರಿ, ಕಾಲು ಅಡ್ಜಸ್ಟ್ ಆಗುತ್ತೆ’ ಅಂತ ಯಾರೂ ಹೇಳುವುದಿಲ್ಲ. ಹಲ್ಲಿಗೆ ಮಾತ್ರ ಹೇಳುತ್ತಾರೆ, ಅದೂ ನನ್ನ ವೃತ್ತಿಯವರೇ, ಅದೂ ಫೋನಿನಲ್ಲಿ. ಹೊಸ ಸಿಮೆಂಟು ಎರಡು ಮೂರು ದಿನ ನಾಲಿಗೆಗೆ ಅಪರಿಚಿತ ಅನಿಸುವುದು ಸಹಜ. ಸೂಜಿ ಚುಚ್ಚಿದ ಜಾಗ ನೋಯುವುದೂ ಸಹಜ. ಆದರೆ ‘ಅದೇ ಮೊದಲು ತಾಗುತ್ತದೆ’ ಎಂದು ನೀವು ಬರೆದಿದ್ದೀರಲ್ಲ, ಆ ಮಾತು ಬೇರೆ. ಅದು ಅನಿಸಿಕೆಯಲ್ಲ, ಸಿಮೆಂಟು ಎತ್ತರ ಉಳಿದಿದೆ ಎಂಬುದರ ಅಳತೆ.

ಯಾಕೆಂದರೆ ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಮೂಳೆಯಲ್ಲಿ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ಹಲ್ಲು ಅದರಲ್ಲಿ ತೂಗಿಕೊಂಡಿದೆ. ಒತ್ತಡ ಅಳೆಯುವ ನರಗಳಿರುವುದೂ ಅಲ್ಲೇ. ಅನ್ನದಲ್ಲಿ ಒಂದು ಮರಳಿನ ಕಣ ಬಂದರೆ ಬಾಯಿ ಅಲ್ಲಿಗೇ ನಿಲ್ಲುತ್ತದೆಯಲ್ಲ, ಅದು ಈ ನರಗಳ ಕೆಲಸ. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, 0.02 ಮಿಲಿಮೀಟರ್ ಆಸುಪಾಸಿನ ವ್ಯತ್ಯಾಸವನ್ನೂ ಅವು ಹಿಡಿಯಬಲ್ಲವು. ಹಾಗಿರುವಾಗ ಎಲ್ಲ ಹಲ್ಲುಗಳೂ ಹಂಚಿಕೊಳ್ಳಬೇಕಾದ ಭಾರವನ್ನು ಒಂದೇ ಹಲ್ಲು ಹೊತ್ತರೆ ಏನಾಗುತ್ತದೆ? ಊಟದಲ್ಲಿ ಮಾತ್ರವಲ್ಲ, ಎಂಜಲು ನುಂಗುವಾಗಲೂ ಹಲ್ಲಿಗೆ ಹಲ್ಲು ತಾಗುತ್ತದೆ. ಪ್ರತಿ ಸಲ ಆ ಪದರಕ್ಕೆ ಗುದ್ದು. ಅದು ಊದಿಕೊಳ್ಳುತ್ತದೆ. ಊದಿದ ಪದರ ಹಲ್ಲನ್ನು ಇನ್ನಷ್ಟು ಮೇಲೆತ್ತುತ್ತದೆ. ಮೇಲೆದ್ದ ಹಲ್ಲು ಇನ್ನೂ ಬೇಗ ತಾಗುತ್ತದೆ. ಮೂರು ವಾರದಲ್ಲಿ ನಿಮಗೆ ನೋವು ಇಳಿಯುವ ಬದಲು ಏರಿದ್ದು ಹೀಗೆ. ಕಣತಲೆಯ ಸಿಡಿತಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ. ದವಡೆಯನ್ನು ಮುಚ್ಚುವ ದೊಡ್ಡ ಸ್ನಾಯುವೊಂದು ಅಲ್ಲೇ ಹರಡಿಕೊಂಡಿದೆ. ಆ ಹಲ್ಲನ್ನು ತಪ್ಪಿಸಿ ಬಾಯಿ ಮುಚ್ಚುವ ಸರ್ಕಸ್ಸಿನಲ್ಲಿ ಅದು ದಿನವಿಡೀ ದುಡಿಯುತ್ತಿದೆ.

ಎತ್ತರ ಉಳಿಯುವುದು ಯಾಕೆ? ನಮ್ಮ ತಪ್ಪು ಅರ್ಧ, ನಿಮ್ಮ ತಪ್ಪು ಅರ್ಧ. ಕೆಳದವಡೆಗೆ ಕೊಡುವ ಇಂಜೆಕ್ಷನ್ನಿನಿಂದ ತುಟಿ, ನಾಲಿಗೆ ಮೂರರಿಂದ ಐದು ಗಂಟೆ ಮರಗಟ್ಟಿರುತ್ತದೆ. ಮುಕ್ಕಾಲು ಗಂಟೆ ಬಾಯಿ ತೆರೆದು ಮಲಗಿ ದವಡೆ ಸೋತಿರುತ್ತದೆ. ಆ ಸ್ಥಿತಿಯಲ್ಲಿ ನಾವು ಒಂದು ನೀಲಿ ಕಾರ್ಬನ್ ಕಾಗದ ಇಟ್ಟು ‘ಕಚ್ಚಿ ನೋಡಿ, ಸರಿ ಇದೆಯಾ?’ ಅನ್ನುತ್ತೇವೆ. ಮನೆಗೆ ಹೋದರೆ ಸಾಕಪ್ಪ ಅಂತ ನೀವು ತಲೆ ಆಡಿಸುತ್ತೀರಿ. ಮಲಗಿ ಕಚ್ಚುವುದಕ್ಕೂ ಕೂತು ಕಚ್ಚುವುದಕ್ಕೂ ವ್ಯತ್ಯಾಸವಿದೆ. ನೇರ ಕಚ್ಚುವುದಕ್ಕೂ ಅಗಿಯುವಾಗ ದವಡೆ ಅಡ್ಡ ಜಾರುವುದಕ್ಕೂ ವ್ಯತ್ಯಾಸವಿದೆ. ಅಡ್ಡ ಜಾರಿಸಿ ನೋಡದೆ ಬಿಟ್ಟ ಸಿಮೆಂಟೇ ನನ್ನ ಬಳಿ ರಿಪೇರಿಗೆ ಹೆಚ್ಚು ಬರುವುದು.

ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಪ್ರಾಕ್ಟೀಸಿನ ಆರಂಭದ ದಿನಗಳು. ಮಂಡ್ಯ ಕಡೆಯ ಹಿರಿಯರೊಬ್ಬರಿಗೆ ಹಲ್ಲು ತುಂಬಿಸಿ, ವಾರ ಬಿಟ್ಟು ‘ಊಟ ಸರಿಯಾಗಿ ಮಾಡೋಕಾಗುತ್ತಾ?’ ಎಂದು ಕೇಳಿದೆ. ‘ಓ, ಬೇಷಾಗಿ’ ಅಂದರು. ಕಡತ ಮುಚ್ಚಿದೆ. ಮೂರನೆಯ ವಾರ ಮೊಮ್ಮಗನ ಕೈಯಿಂದ ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಂಡು ಕಣ್ಣೀರು ಹಾಕುತ್ತ ಬಂದರು. ಅಷ್ಟು ದಿನ ಅವರು ತಿಂದದ್ದು ಮುದ್ದೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಅಂದಿನಿಂದ ‘ಊಟ ಆಗುತ್ತಾ’ ಎಂದು ಕೇಳುವುದನ್ನು ಬಿಟ್ಟೆ. ‘ಏನು ತಿಂದಿರಿ, ಯಾವ ಕಡೆ ಅಗಿದಿರಿ’ ಎಂದೇ ಕೇಳುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಫೋನ್ ಬೇಡ, ಅದೇ ಕ್ಲಿನಿಕ್‌ಗೆ ಹೋಗಿ. ಬೆಳಗಿನ ಹೊತ್ತು, ದವಡೆ ದಣಿಯದಿರುವಾಗ ಹೋದರೆ ಒಳ್ಳೆಯದು. ‘ನೋವಿದೆ’ ಎಂದಷ್ಟೇ ಹೇಳಿದರೆ ಇನ್ನೊಂದು ಎಕ್ಸ್‌ರೇ, ಇನ್ನೊಂದು ಮಾತ್ರೆ ಸಿಗುತ್ತದೆ. ‘ಬಾಯಿ ಮುಚ್ಚಿದರೆ ಇದು ಮೊದಲು ತಾಗುತ್ತದೆ, ಇಂಜೆಕ್ಷನ್ ಕೊಡದೆ, ಕೂರಿಸಿ ನೋಡಿ’ ಎನ್ನಿ. ನೇರ ಕಚ್ಚಿಸಿ, ಆಮೇಲೆ ದವಡೆಯನ್ನು ಎಡಕ್ಕೂ ಬಲಕ್ಕೂ ಜಾರಿಸಿ ಗುರುತು ನೋಡಬೇಕು. ಗುರುತು ಗಾಢವಾಗಿ ಬಿದ್ದ ಚುಕ್ಕೆಯನ್ನು ಸಿಮೆಂಟಿನ ಮೇಲೆ ತಗ್ಗಿಸಬೇಕು. ಐದು ಹತ್ತು ನಿಮಿಷದ ಕೆಲಸ. ಎದುರಿನ ಆರೋಗ್ಯವಂತ ಹಲ್ಲನ್ನು ಸುಮ್ಮಸುಮ್ಮನೆ ಕೆರೆಯಲು ಬಂದರೆ ಯಾಕೆಂದು ಕೇಳಿ. ತಪ್ಪು ಮಾಡಿದ್ದು ಸಿಮೆಂಟು, ಅದಲ್ಲ. ಏಳುವ ಮುನ್ನ ಎರಡು ಸಲ ಟಕ್ ಟಕ್ ಎಂದು ಹಲ್ಲು ಕೂಡಿಸಿ. ಎರಡೂ ಕಡೆಯಿಂದ ಒಂದೇ ಸದ್ದು ಬರಬೇಕು. ಬರದಿದ್ದರೆ ಕುರ್ಚಿಯಿಂದ ಏಳಬೇಡಿ, ಹೊರಗೆ ಎಷ್ಟೇ ಜನ ಕಾದಿರಲಿ.

ಕಚ್ಚಿದಾಗಿನ ನೋವು ಅಂದೇ ಸ್ವಲ್ಪ ಹಗುರಾಗುತ್ತದೆ. ಪೂರ್ತಿ ಹೋಗಲು ಒಂದೆರಡು ವಾರ ಬೇಕಾಗಬಹುದು, ಊದಿದ ಪದರ ಇಳಿಯಬೇಕಲ್ಲ. ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ ಬೇಡ.

ಜುಮ್ಮೆನ್ನುವುದರ ಕತೆ ಬೇರೆ. ಹಲ್ಲಿನ ಒಳಪದರ ಗಟ್ಟಿ ಕಲ್ಲಲ್ಲ. ಅದರಲ್ಲಿ ಒಂದು ಚದರ ಮಿಲಿಮೀಟರಿಗೆ ಹತ್ತಾರು ಸಾವಿರ ಸೂಕ್ಷ್ಮ ಕೊಳವೆಗಳಿವೆ, ಕೊಳವೆಗಳಲ್ಲಿ ದ್ರವ ಇದೆ. ತಣ್ಣೀರು ತಾಗಿದರೆ ದ್ರವ ಸರಿಯುತ್ತದೆ, ಸರಿದದ್ದು ನರಕ್ಕೆ ಚುಳ್ ಎನ್ನುತ್ತದೆ. ಸ್ವೀಡನ್ನಿನ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಬಿಳಿ ಸಿಮೆಂಟು ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಶೇ 2–3ರಷ್ಟು ಕುಗ್ಗುತ್ತದೆ. ಒಂದೇ ಸಲಕ್ಕೆ ತುಂಬಿ ಬೆಳಕು ಹಿಡಿದರೆ, ಎಂಜಲು ತಾಗಿದ ಮೇಲೂ ಅಂಟಿಸಿದರೆ, ಸಿಮೆಂಟು ಹಿಡಿಯಲೆಂದು ಹಚ್ಚಿದ ಆಸಿಡ್ ತೊಳೆದು ಅತಿಯಾಗಿ ಒಣಗಿಸಿದರೆ, ಅಂಚಿನಲ್ಲೋ ತಳದಲ್ಲೋ ಕೂದಲೆಳೆಯ ಸಂದು ಉಳಿಯುತ್ತದೆ. ಪಾವಗಡ, ಮುಳಬಾಗಿಲು ಕಡೆಯ ಫ್ಲೋರೈಡ್ ನೀರು ಕುಡಿದು ಕಂದುಗಟ್ಟಿದ ಹಲ್ಲುಗಳಿಗಂತೂ ಈ ಸಿಮೆಂಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ನಾನು ದುಪ್ಪಟ್ಟು ಸಮಯ ತೆಗೆದುಕೊಳ್ಳುತ್ತೇನೆ. ಹಾಗೆಂದು ಜುಮ್ಮೆಂದ ಪ್ರತಿ ಹಲ್ಲಿನ ಸಿಮೆಂಟೂ ಕೆಟ್ಟದ್ದಲ್ಲ. ಆಳದ ಹುಳುಕು ಕೊರೆದ ಮೇಲೆ ಎರಡರಿಂದ ನಾಲ್ಕು ವಾರ ತಣ್ಣಗಿನದಕ್ಕೆ ಹಲ್ಲು ಮುನಿಸಿಕೊಂಡಿರುತ್ತದೆ. ದಿನ ಕಳೆದಂತೆ ಇಳಿಯುತ್ತಿದ್ದರೆ ಸುಮ್ಮನಿರಿ. ಎತ್ತರದ ಹಲ್ಲಿನಲ್ಲಿ ಈ ಜುಮ್ಮೂ ಹೆಚ್ಚು. ಎತ್ತರ ತೆಗೆದ ಮೇಲೆ ಅದೂ ತಗ್ಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆಸುವುದು, ಬೇಕೇ? ನಿಮ್ಮ ಪತ್ರದಲ್ಲಿ ನಾನು ಹುಡುಕಿದ ನಾಲ್ಕು ಮಾತುಗಳು ಇಲ್ಲ: ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಏನೂ ತಾಗದೆ ತಾನಾಗಿ ಏಳುವ ನೋವು, ಬಿಸಿ ಕಾಫಿಗೆ ಶುರುವಾಗಿ ನಿಮಿಷಗಟ್ಟಲೆ ನಿಲ್ಲುವ ನೋವು, ಯಾವ ಹಲ್ಲೆಂದು ಬೆರಳಿಟ್ಟು ತೋರಿಸಲಾಗದ ನೋವು. ತಣ್ಣೀರಿಗೆ ಚುಳ್ ಅಂದು ಕೆಲವೇ ಸೆಕೆಂಡಿನಲ್ಲಿ ಇಳಿದರೆ ನರ ಜೀವಂತವಿದೆ, ಬರೀ ಸಿಟ್ಟಾಗಿದೆ. ಸಿಟ್ಟಾದದ್ದನ್ನು ಸಮಾಧಾನ ಮಾಡುವುದು ಬಿಟ್ಟು ಕಿತ್ತು ಹಾಕುವುದು ಯಾವ ನ್ಯಾಯ? ಎತ್ತರ ನೋಡದೆ ರೂಟ್ ಕೆನಾಲ್ ಬರೆದುಕೊಡುವವರ ಬಗ್ಗೆ ಇಲ್ಲಿ ಹೆಚ್ಚು ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ನಾನು ಸ್ವಲ್ಪ ಅಂಜುವ ಡಾಕ್ಟರು ಎಂದು ಸಹೋದ್ಯೋಗಿಗಳು ಗೇಲಿ ಮಾಡುವುದುಂಟು. ನರ ತೆಗೆಯಲು ನಾಳೆಯೂ ಆಗುತ್ತದೆ, ತೆಗೆದದ್ದನ್ನು ವಾಪಸು ಇಡಲು ಆಗುವುದಿಲ್ಲ.

ಒಂದು ಎಚ್ಚರಿಕೆ. ಎರಡು ಸಲ ಸರಿಯಾಗಿ ತಗ್ಗಿಸಿದ ಮೇಲೂ ನೋವು ಹೋಗದಿದ್ದರೆ ಮೂರನೆಯ ಸಲ ಉಜ್ಜಿಸಬೇಡಿ. ಆಗ ದೋಷ ಎತ್ತರದ್ದಲ್ಲ. ಕಚ್ಚಿದಾಗ ಅಲ್ಲ, ಕಚ್ಚಿದ್ದನ್ನು ಬಿಡುವಾಗ ಚುಚ್ಚಿದರೆ ಹಲ್ಲಿನಲ್ಲಿ ಸೀಳು ಇರಬಹುದು. ಗೋಟಡಿಕೆ ಅಗಿಯುವವರಲ್ಲಿ, ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಇದರ ಬಗ್ಗೆ ಅನುಮಾನ ಇಟ್ಟುಕೊಂಡೇ ನೋಡಬೇಕು. ಸಾಮಾನ್ಯ ಎಕ್ಸ್‌ರೇಯಲ್ಲಿ ಸೀಳು ಬಹಳ ಸಲ ಕಾಣುವುದೇ ಇಲ್ಲ, ಹಲ್ಲಿನ ಒಂದೊಂದೇ ತುದಿಯ ಮೇಲೆ ಕಚ್ಚಿಸಿ ಪರೀಕ್ಷಿಸಬೇಕು. ಕೆನ್ನೆ ಊದಿ ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಪತ್ರ ಬರೆಯುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಆ ಐದು ದಿನದ ಆಂಟಿಬಯೋಟಿಕ್ಕು ದುಡ್ಡಿಗೂ ದಂಡ, ಹೊಟ್ಟೆಗೂ ದಂಡ. ಎತ್ತರದ ಸಿಮೆಂಟಿಗೆ, ಸಿಟ್ಟಾದ ನರಕ್ಕೆ ಅದು ಮದ್ದಲ್ಲ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಹಲ್ಲು ತೋರಿಸುವ ಚಾಳಿ ಬಿಡಿ.

ಪ್ರಶ್ನೆ: ಜುಮ್ಮೆನ್ನುವ ಹಲ್ಲಿಗೆ ಸೆನ್ಸಿಟಿವ್ ಪೇಸ್ಟ್ ಸಾಕಲ್ಲವೇ?
ಉತ್ತರ: ವಸಡು ಇಳಿದು ಬೇರು ಕಾಣುತ್ತಿದ್ದರೆ ಸರಿ, ಎರಡು ಮೂರು ವಾರ ಬಿಡದೆ ಉಜ್ಜಬೇಕು, ಉಜ್ಜಿ ಉಗಿದು ಸುಮ್ಮನಿರಬೇಕು, ನಾಲ್ಕು ಚೊಂಬು ನೀರು ಮುಕ್ಕಳಿಸಬಾರದು. ಸಿಮೆಂಟಿನ ಅಡಿಯ ಸಂದಿಗೆ ಪೇಸ್ಟ್ ತಲುಪುವುದಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳ ಬೀಳಿಸುತ್ತಾರೆ. ಸಿಮೆಂಟ್ ಹಾಕಿಸಿದ ಮೇಲೂ ಒಳಗೆ ಹುಳ ಉಳಿದಿರಬಹುದೇ?
ಉತ್ತರ: ಹಲ್ಲಿನಲ್ಲಿ ಹುಳ ಇಲ್ಲ, ಎಂದೂ ಇರಲಿಲ್ಲ. ತಟ್ಟೆಯಲ್ಲಿ ಬಿದ್ದ ಬಿಳಿ ಎಳೆ ಆ ಬೀಜದೊಳಗಿನ ಮೊಳಕೆ. ನಂಬಿಕೆ ಇಲ್ಲದಿದ್ದರೆ ಬಾಯಿ ಇಡದೆ ಬರೀ ಬೀಜ ಸುಟ್ಟು ನೋಡಿ, ಆಗಲೂ ‘ಹುಳ’ ಬೀಳುತ್ತದೆ.

ಪ್ರಶ್ನೆ: ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಡಬಹುದೇ? ಆಸ್ಪಿರಿನ್ ಮಾತ್ರೆ?
ಉತ್ತರ: ಲವಂಗದ ಎಣ್ಣೆ ವಸಡು ಸುಡುತ್ತದೆ, ಜೊತೆಗೆ ಬಿಳಿ ಸಿಮೆಂಟು ಗಟ್ಟಿಯಾಗುವುದಕ್ಕೂ ಅಡ್ಡಿ, ಇಟ್ಟುಕೊಂಡಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಆಸ್ಪಿರಿನ್ ವಸಡಿನ ಮೇಲಿಟ್ಟರೆ ಚರ್ಮ ಬೆಳ್ಳಗೆ ಬೆಂದು ಕಿತ್ತುಬರುತ್ತದೆ.

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದಿನ ಬೆಳ್ಳಿ ಸಿಮೆಂಟಿನಲ್ಲಿ ಪಾದರಸ ಇದೆಯಂತೆ, ತೆಗೆಸಲೇ?
ಉತ್ತರ: ಗಟ್ಟಿಯಾಗಿದ್ದರೆ ಮುಟ್ಟಬೇಡಿ. ಕೊರೆಯುವಾಗಲೇ ಆವಿ ಹೆಚ್ಚು ಏಳುವುದು.

ಪ್ರಶ್ನೆ: ಎಕ್ಸ್‌ರೇ ಫೋಟೊ ಕಳಿಸಿದ್ದೇನೆ, ಸಿಮೆಂಟ್ ಎತ್ತರ ಇದೆಯೇ ನೋಡಿ ಹೇಳಿ.
ಉತ್ತರ: ಎಕ್ಸ್‌ರೇಯಲ್ಲಿ ಎತ್ತರ ಕಾಣುವುದಿಲ್ಲ.

ಪ್ರಶ್ನೆ: ಸಿಮೆಂಟ್ ಹಾಕಿಸಿದ ದಿನ ಚಕ್ಕುಲಿ, ನಿಪ್ಪಟ್ಟು ತಿನ್ನಬಹುದೇ?
ಉತ್ತರ: ಬೆಳಕು ಹಿಡಿದು ಗಟ್ಟಿ ಮಾಡಿದ ಬಿಳಿ ಸಿಮೆಂಟು ಅಲ್ಲೇ ಗಟ್ಟಿ. ಬೆಳ್ಳಿಯದಾದರೆ ಮಾರನೆಯ ದಿನದವರೆಗೆ ಆ ಕಡೆ ಬೇಡ. ಯಾವುದೇ ಆಗಲಿ, ಮರಗಟ್ಟು ಇಳಿಯುವ ತನಕ ಏನನ್ನೂ ಅಗಿಯಬೇಡಿ, ಮಕ್ಕಳ ಬಾಯಿಗಂತೂ ಏನೂ ಕೊಡಬೇಡಿ. ತುಟಿಯನ್ನೇ ಅಗಿದುಕೊಂಡು, ಮಾರನೆಯ ಬೆಳಿಗ್ಗೆ ಊದಿದ ಮುಖ ಹೊತ್ತು ‘ಇಂಜೆಕ್ಷನ್ ರಿಯಾಕ್ಷನ್ ಆಗಿದೆ’ ಎಂದು ಜಗಳಕ್ಕೆ ಬರುವ ತಂದೆ ತಾಯಿ ನನಗೆ ಹೊಸಬರಲ್ಲ.