ಹೋಂಸ್ಟೇಗೆ ಆಧಾರ್‌ನ ಪೂರ್ತಿ ನಂಬರ್ ಯಾಕೆ?

ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಡೆವಲಪರ್‌ಗಳ ಸಮ್ಮೇಳನ ಮುಗಿಸಿ ಕೆಲವು ಹುಡುಗರು ಬಂದಿದ್ದರು. ಆಧಾರ್ ಫೋಟೊ ವಾಟ್ಸಾಪ್ ಮಾಡಿ ಅಂದೆ. ಒಬ್ಬ ಕೊನೆಯ ನಾಲ್ಕೇ ಅಂಕಿ ಕಾಣುವ ಕಾರ್ಡ್ ತೋರಿಸಿ, ಇಷ್ಟು ಸಾಕು ಅಂದ. ಡಿಜಿಟಲ್ ಗುರುತಿನ ಬಗ್ಗೆಯೇ ಅವರ ಸಮ್ಮೇಳನವಂತೆ. ನಮ್ಮನ್ನು ನಂಬಲ್ವಾ? ಇದಕ್ಕೂ ಸಮ್ಮೇಳನ ಬೇಕಾ?"

ನಿಮಗೆ ಬೇಸರವಾಗಿದ್ದು ಸಹಜ. ಮನೆಗೆ ಕರೆದು ಕಡುಬು, ಪಂದಿ ಕರಿ ಬಡಿಸಿದವರು ನೀವು. ಆದರೂ ಆ ಹುಡುಗ ಮಾಡಿದ್ದು ಸರಿ.

ನಿಮ್ಮ ಫೋನಿನ ಗ್ಯಾಲರಿ ಒಮ್ಮೆ ತೆರೆದು ನೋಡಿ. ಕಾಫಿ ಹೂವು, ಮೊಮ್ಮಗಳ ಹುಟ್ಟುಹಬ್ಬ, ನಡುನಡುವೆ ಗುರುತು ಪರಿಚಯ ಇಲ್ಲದವರ ಆಧಾರ್. ಆ ಫೋನ್ ನಾಳೆ ರಿಪೇರಿಗೆ ಹೋಗುತ್ತದೆ, ಇಲ್ಲವೇ ಬಸ್ಸಿನಲ್ಲಿ ಕಳೆದುಹೋಗುತ್ತದೆ. ಅನುಮಾನ ನಿಮ್ಮ ಮೇಲಲ್ಲ, ಅಲ್ಲಿ ಉಳಿದುಬಿಡುವ ಪ್ರತಿಗಳ ಮೇಲೆ.

ಅತಿಥಿ ಯಾರು ಅಂತ ನಿಮಗೆ ತಿಳಿಯಲೇಬೇಕು. ಅದಕ್ಕೆ 12 ಅಂಕಿಯೂ ಬೇಕಿಲ್ಲ. ಮಾಸ್ಕ್ ಮಾಡಿದ ಆಧಾರ್‌ನಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತವೆ, ಹೆಸರು, ಫೋಟೊ ಕಾಣುತ್ತವೆ. ಅದರ ಕ್ಯೂಆರ್ ಕೋಡ್‌ನಲ್ಲಿ ಡಿಜಿಟಲ್ ಸಹಿ ಇದೆ. ಆಧಾರ್ ಪ್ರಾಧಿಕಾರದ ಸ್ಕ್ಯಾನರ್ ಆ್ಯಪ್ ಫೋನಿನಲ್ಲಿದ್ದರೆ ಇಂಟರ್ನೆಟ್ ಇಲ್ಲದೆಯೂ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ನಮ್ಮ ಊರಿಗೆ ಇದಕ್ಕಿಂತ ಇನ್ನೇನು ಬೇಕು?

ಇನ್ನು ಸಮ್ಮೇಳನದ ಮಾತು. ಖಂಡಿತ ಬೇಕು. ಗೂಗಲ್ ಖಾತೆಯಿಂದಲೇ ಬೇರೆ ಆ್ಯಪ್‌ಗೆ ಲಾಗಿನ್ ಆಗುತ್ತೀರಲ್ಲ, ಅದರ ಹಿಂದಿರುವ ಓಪನ್‌ಐಡಿ ಕನೆಕ್ಟ್ ಎಂಬ ಎಲ್ಲರೂ ಒಪ್ಪಿದ ತಾಂತ್ರಿಕ ಕ್ರಮ 2014ರಲ್ಲಿ ಸಿದ್ಧವಾಯಿತು. ಬೇರೆ ಬೇರೆ ಕಂಪನಿಯವರು ಒಟ್ಟಿಗೆ ಕೂತು ಒಪ್ಪದಿದ್ದರೆ ಅಂಥದ್ದು ಆಗುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಇಂಟರ್ನೆಟ್ ಐಡೆಂಟಿಟಿ ವರ್ಕ್‌ಶಾಪ್ ಅಂತ ಡಿಜಿಟಲ್ ಗುರುತಿನ ಬಗ್ಗೆಯೇ ಒಂದು ಸಮ್ಮೇಳನ ನಡೆಯುತ್ತದೆ. 2005ರಲ್ಲಿ ಶುರುವಾದದ್ದು. ಅಲ್ಲಿ ಕಾರ್ಯಕ್ರಮ ಪಟ್ಟಿ ಮೊದಲೇ ಅಚ್ಚಾಗುವುದಿಲ್ಲ. ಏನು ಚರ್ಚಿಸಬೇಕೆಂದು ಬಂದವರೇ ಬೆಳಿಗ್ಗೆ ತೀರ್ಮಾನಿಸುತ್ತಾರೆ. ನನಗೆ ಈ ಕ್ರಮ ತುಂಬಾ ಇಷ್ಟ. ಹುಟ್ಟಿದ ದಿನ ಹೇಳದೆಯೇ 18 ತುಂಬಿದೆ ಎಂದು ತೋರಿಸುವ ದಾರಿಯನ್ನೂ ಇಂಥ ಡೆವಲಪರ್‌ಗಳೇ ಹುಡುಕುತ್ತಿರುವುದು.

ಇದನ್ನು ಹೊರಗಿನವರ ಚಿಂತೆ ಅನ್ನಬೇಡಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದದ್ದು ಅದೇ ಪ್ರಕರಣದಲ್ಲಿ.

ನನ್ನ ತಕರಾರು ಬೇರೆ. ತೋಟದ ಲೈನ್ ಮನೆಯಲ್ಲಿರುವ, ವರ್ಷಗಟ್ಟಲೆ ಕಾಫಿ ಕುಯ್ದು ಬೆರಳು ಸವೆದ ಹೆಂಗಸು ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಕೈ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಯಂತ್ರ 'ಇಲ್ಲ' ಅಂದ ಮೇಲೆ ಅಕ್ಕಿ ಕೊಡುವುದು ಹೇಗೆ? ಸಮ್ಮೇಳನದಲ್ಲಿ ಮೊದಲು ಬರಬೇಕಾದ ಪ್ರಶ್ನೆ ಇದು. ಆ ಹುಡುಗರು ಮತ್ತೆ ಬಂದರೆ ದಯವಿಟ್ಟು ಕೇಳಿ. ಸಾಧ್ಯವಾದರೆ ಪಡಿತರ ಕೊಡುವ ದಿನ ಅಂಗಡಿಗೇ ಕರೆದುಕೊಂಡು ಹೋಗಿ.

ಹಳೆಯ ಅತಿಥಿಗಳ ಆಧಾರ್ ಫೋಟೊಗಳನ್ನು ಇವತ್ತೇ ಅಳಿಸಿಬಿಡಿ. ಗ್ಯಾಲರಿಯಲ್ಲಿ ಅಳಿಸಿದರೆ ಮುಗಿಯಲಿಲ್ಲ. ವಾಟ್ಸಾಪ್ ಚಾಟ್‌ನಲ್ಲೂ, ಟ್ರ್ಯಾಶ್‌ನಲ್ಲೂ ನೋಡಿ.